ಒಂದು ತಡೆಯಾಜ್ಞೆ, ಒಂದು ಗೋಪ್ಯ ಲಕೋಟೆ

ಲಕೋಟೆ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಪೀಠದಿಂದ ಇಳಿದು ಊಟಕ್ಕೆಂದು ಛೇಂಬರಿಗೆ ಬಂದಾಗ ಅದನ್ನು ಉಳಿದ ತಪಾಲಿನಿಂದ ಬೇರೆಯಾಗಿ, ಮೇಜಿನ ನಡುವೆ ಇಟ್ಟಿದ್ದರು. ಕಂದು ಲಕೋಟೆ, ಅಂಚಿನಲ್ಲಿ ಅರಗಿನ ಮುದ್ರೆ, ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’. ನಮ್ಮ ಶಿರಸ್ತೇದಾರರು ಅಂಥ ಲಕೋಟೆಗಳನ್ನು ಎಷ್ಟೋ ನೋಡಿದವರು. “ಜಿಲ್ಲೆಯಿಂದ ಬಂದಿದೆ ಮೇಡಂ, ತಾವೇ ತೆರೆಯಬೇಕು” ಎಂದು ಹೇಳಿ, ಹೋಗುವಾಗ ಬಾಗಿಲನ್ನು ಎಳೆದುಕೊಂಡು ಹೋದರು. ಅವರು ಹಾಗೆ ಬಾಗಿಲು ಎಳೆದುಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಗ ನಾನು ಮಲೆನಾಡಿನ ಒಂದು ಉಪವಿಭಾಗದ ಊರಿನಲ್ಲಿ ಸಿವಿಲ್ ನ್ಯಾಯಾಧೀಶೆ. ಜನ ನಮ್ಮನ್ನು ಮುನ್ಸಿಫರೆಂದೇ ಕರೆಯುತ್ತಿದ್ದ ಕಾಲ. ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಒಳಗೆ ಎರಡು ಕಾಗದಗಳಿದ್ದವು. ಮೊದಲನೆಯದು ಪ್ರಧಾನ ಜಿಲ್ಲಾ ನ್ಯಾಯಾಧೀಶರ ಎರಡು ಸಾಲಿನ ಪತ್ರ: ಲಗತ್ತಿಸಿದ ದೂರಿನ ಬಗ್ಗೆ ಏಳು ದಿನಗಳ ಒಳಗೆ ತಮ್ಮ ಷರಾ ಸಲ್ಲಿಸತಕ್ಕದ್ದು. ಎರಡನೆಯದು ದೂರು. ನಮ್ಮ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿಗಳಿಗೆ ಬರೆದದ್ದು, ಬೆರಳಚ್ಚಿನ ನಾಲ್ಕು ಪುಟ. ಕೊನೆಯಲ್ಲಿ ಸಹಿ ಇರಲಿಲ್ಲ, ‘ನೊಂದ ಸಾರ್ವಜನಿಕರು’ ಎಂದಷ್ಟೇ ಇತ್ತು.

ನ್ಯಾಯಾಲಯದ ಹೊರಗಿರುವವರಿಗೆ ಈ ಹುದ್ದೆಯ ಪರಿಚಯ ಕಡಿಮೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಒಂದೊಂದು ಜಿಲ್ಲೆಯ ಉಸ್ತುವಾರಿಯನ್ನು ಒಬ್ಬೊಬ್ಬ ನ್ಯಾಯಮೂರ್ತಿಗೆ ವಹಿಸುತ್ತಾರೆ. ಅವರೇ ಆ ಜಿಲ್ಲೆಯ ಆಡಳಿತಾತ್ಮಕ ನ್ಯಾಯಮೂರ್ತಿ. ಜಿಲ್ಲೆಗೆ ಭೇಟಿ ಕೊಡುತ್ತಾರೆ, ತಪಾಸಣೆ ಮಾಡುತ್ತಾರೆ, ನಮ್ಮ ಕೆಲಸದ ಬಗ್ಗೆ ಅವರು ಬರೆಯುವ ಒಂದು ಸಾಲು ನಮ್ಮ ಬಡ್ತಿಯನ್ನೂ ವರ್ಗಾವಣೆಯನ್ನೂ ಮುಟ್ಟುತ್ತದೆ. ಜಿಲ್ಲಾ ಮಟ್ಟದಲ್ಲಿ ಅದೇ ಬಗೆಯ ಉಸ್ತುವಾರಿ ಪ್ರಧಾನ ಜಿಲ್ಲಾ ನ್ಯಾಯಾಧೀಶರದು. ಈ ಅಧಿಕಾರದ ಮೂಲ ಸಂವಿಧಾನದ 235ನೇ ವಿಧಿ: ಜಿಲ್ಲಾ ನ್ಯಾಯಾಲಯಗಳ ಮತ್ತು ಅವುಗಳ ಅಧೀನದ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು. ನಿಯಂತ್ರಣ ಎಂಬ ಆ ಪದ ನಮ್ಮನ್ನು ಹಿಡಿದಿಡಲೆಂದು ಮಾತ್ರ ಬಂದದ್ದಲ್ಲ. ಸರ್ಕಾರದ ಕೈ ನಮ್ಮ ಮೇಲೆ ಬೀಳದಿರಲಿ ಎಂದು ಬಂದದ್ದು. 1965ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಜಿಲ್ಲಾ ನ್ಯಾಯಾಧೀಶರ ಪ್ರಕರಣದಲ್ಲಿ, ನ್ಯಾಯಾಧೀಶರ ಮೇಲಿನ ಶಿಸ್ತುಕ್ರಮ ಹೈಕೋರ್ಟಿಗೆ ಸೇರಿದ್ದು, ಸರ್ಕಾರಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನನ್ನನ್ನು ಕಾಯಲೆಂದು ಕಟ್ಟಿದ ಗೋಡೆಯ ಒಳಗಿನಿಂದಲೇ ಆ ಲಕೋಟೆ ಬಂದಿತ್ತು. ಅದಕ್ಕೇ ಅಷ್ಟು ಹೆದರಿದೆ.

ದೂರು ಯಾವ ಪ್ರಕರಣದ್ದು ಎಂಬುದು ಮೊದಲ ಸಾಲಿನಲ್ಲೇ ತಿಳಿಯಿತು. ಅಡಿಕೆ ತೋಟಕ್ಕೆ ಹೋಗುವ ಒಂದು ಗಾಡಿದಾರಿಯ ಜಗಳ. ವಾದಿಗೆ ಎರಡೂವರೆ ಎಕರೆ ತೋಟ. ಅಲ್ಲಿಗೆ ಹೋಗಲು ಪ್ರತಿವಾದಿಯ ಗದ್ದೆಯ ಅಂಚಿನಲ್ಲಿ ದಾರಿ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಪ್ರತಿವಾದಿ ದಾರಿಗೆ ಅಡ್ಡಲಾಗಿ ಅಗಳ ತೋಡಲು ಶುರುಮಾಡಿದರು. ವಾದಿಯ ವಕೀಲರು ದಾವೆಯ ಜೊತೆಗೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ಹಾಕಿ, ಅಂದೇ ಮಧ್ಯಾಹ್ನ ವಾದ ಮಾಡಿದರು. ಹಳೆಯ ಸರ್ವೆ ನಕ್ಷೆಯಲ್ಲಿ ದಾರಿಯ ಚುಕ್ಕೆಗೆರೆ ಇತ್ತು. ನಾನು ಆದೇಶ ಹಾಳೆಯಲ್ಲಿ ಬರೆದೆ: “ವಾದಿಯ ವಕೀಲರನ್ನು ಕೇಳಲಾಯಿತು. ದಾಖಲೆಗಳನ್ನು ನೋಡಲಾಯಿತು. ಮೇಲ್ನೋಟಕ್ಕೆ ವಾದಿಯ ಪರ ಪ್ರಕರಣವಿದೆ. ಮುಂದಿನ ಮುದ್ದತಿನವರೆಗೆ ಏಕಪಕ್ಷೀಯ ತಡೆಯಾಜ್ಞೆ.” ಒಟ್ಟು ನಾಲ್ಕು ವಾಕ್ಯ. ಆ ನಾಲ್ಕು ವಾಕ್ಯಗಳಲ್ಲಿ ಏನು ಇಲ್ಲವೆಂಬುದು ಅಂದು ನನಗೆ ಹೊಳೆಯಲಿಲ್ಲ.

ಪ್ರತಿವಾದಿ ಊರಿನಲ್ಲಿ ಮಾತು ನಡೆಯುವ ಮನುಷ್ಯ. ದೂರಿನಲ್ಲಿ ಮೂರು ಬೇಡಿಕೆಗಳಿದ್ದವು. ಈ ಆದೇಶವನ್ನು ರದ್ದು ಮಾಡಿಸಬೇಕು. ಪ್ರಕರಣವನ್ನು ಈ ನ್ಯಾಯಾಧೀಶರಿಂದ ಬೇರೆಡೆಗೆ ವರ್ಗಾಯಿಸಬೇಕು. ವಾದಿಯ ವಕೀಲರ ಪ್ರಭಾವಕ್ಕೆ ಒಳಗಾಗಿರುವ ಈ ನ್ಯಾಯಾಧೀಶರ ಮೇಲೆ ಕ್ರಮ ಕೈಗೊಳ್ಳಬೇಕು. ಪ್ರಭಾವ ಎಂಬ ಪದವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಊಟದ ಡಬ್ಬಿಯನ್ನು ತೆರೆಯದೆ ಮತ್ತೆ ಪೀಠಕ್ಕೆ ಹೋದೆ.

ಎರಡು ರಾತ್ರಿ ಕುಳಿತು ಷರಾ ಬರೆದೆ. ಆರು ಪುಟ. ನಕ್ಷೆಯಲ್ಲಿ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅಗಳ ತೋಡಿದರೆ ವಾದಿಗೆ ಎಷ್ಟು ನಷ್ಟ, ಪ್ರತಿವಾದಿಗೆ ಏಕೆ ನಷ್ಟವಿಲ್ಲ, ಯಾವ ತೀರ್ಪುಗಳು ನನ್ನ ಆದೇಶವನ್ನು ಬೆಂಬಲಿಸುತ್ತವೆ, ಎಲ್ಲವನ್ನೂ ಬರೆದೆ. ಶೀಘ್ರಲಿಪಿಗಾರರಿಗೆ ಕೊಡಲು ಮನಸ್ಸಾಗದೆ ನಾನೇ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದೆ. ಶನಿವಾರ ಕೆಲಸ ಮುಗಿಸಿ ಬಸ್ ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ, ಜಿಲ್ಲಾ ನ್ಯಾಯಾಧೀಶರ ಕೈಗೇ ಕೊಟ್ಟೆ.

ಅವರು ಮೊದಲ ಪುಟವನ್ನು ಅರ್ಧ ಓದಿದರು. ಕನ್ನಡಕ ತೆಗೆದರು. ಪುಟಗಳನ್ನು ಜೋಡಿಸಿ ನನ್ನ ಕಡೆಗೆ ತಿರುಗಿಸಿ ಇಟ್ಟರು.

“ನೋಡಮ್ಮ, ಇದನ್ನು ನೀವು ಯಾರಿಗೆ ಬರೆದಿದ್ದೀರಿ?”

“ತಮಗೆ ಸರ್. ತಮ್ಮ ಮೂಲಕ ನ್ಯಾಯಮೂರ್ತಿಗಳಿಗೆ.”

“ಅಲ್ಲಿ ದಾರಿ ಇತ್ತೋ ಇರಲಿಲ್ಲವೋ ಎಂದು ನಾನು ಈ ಕೋಣೆಯಲ್ಲಿ ಕುಳಿತು ನೋಡುವ ಹಾಗಿಲ್ಲ. ವಾದಿ ಇಲ್ಲಿಲ್ಲ. ಪ್ರತಿವಾದಿ ಇಲ್ಲಿಲ್ಲ. ಇಬ್ಬರ ವಕೀಲರೂ ಇಲ್ಲ. ನಾನು ನೋಡಿದರೆ ತಪ್ಪು. ನೋಡಲಿ ಎಂದು ನೀವು ಬರೆದುಕೊಟ್ಟದ್ದೂ ತಪ್ಪು. ಇದನ್ನು ಓದಿ ನಿಮ್ಮ ಆದೇಶ ಸರಿಯಾಗಿದೆ ಎಂದು ನಾನು ಮೇಲಕ್ಕೆ ಬರೆದರೆ ನಿಮಗೆ ಸಂತೋಷವಾದೀತು. ನಾಳೆ ಇನ್ನೊಬ್ಬರ ಆದೇಶದ ಬಗ್ಗೆ ಸರಿಯಿಲ್ಲ ಎಂದು ಬರೆಯುವ ಅಧಿಕಾರವನ್ನೂ ಅದೇ ಗಳಿಗೆಯಲ್ಲಿ ನೀವು ನನಗೆ ಕೊಟ್ಟಂತಾಯಿತು.”

ಈ ಮಾತನ್ನು ಇಷ್ಟು ವರ್ಷಗಳಾದ ಮೇಲೂ ಅಕ್ಷರಶಃ ನೆನಪಿಟ್ಟಿದ್ದೇನೆ. ಹೆದರಿಕೆಯಲ್ಲಿದ್ದ ನಾನು, ಆಡಳಿತದ ಕೋಣೆ ನನ್ನ ಆದೇಶವನ್ನು ಪರೀಕ್ಷಿಸುವುದೇ ಅನ್ಯಾಯ ಎಂದು ಒಳಗೆ ಕುದಿಯುತ್ತಿದ್ದೆ. ಆದರೆ ಅದೇ ಕೋಣೆಗೆ ಆರು ಪುಟದ ವಾದ ಹೊತ್ತು ತಂದವಳೂ ನಾನೇ. ಗೆರೆಯನ್ನು ಮೇಲಿನವರು ಮಾತ್ರ ದಾಟುತ್ತಾರೆ ಎಂದುಕೊಂಡಿದ್ದೆ. ಕೆಳಗಿನಿಂದಲೂ ದಾಟಬಹುದು.

ಆಮೇಲೆ ಅವರು ಕೇಳಿದ್ದು ಕೆಲವೇ ಪ್ರಶ್ನೆ. ವಾದಿಯಾಗಲಿ ಅವರ ವಕೀಲರಾಗಲಿ ನಿಮಗೆ ಮೊದಲು ಪರಿಚಯವೇ? ಅರ್ಜಿ ಬಂದ ದಿನ, ಕೇಳಿದ ದಿನ, ಆದೇಶದ ದಿನ ಆದೇಶ ಹಾಳೆಯಲ್ಲಿಯೂ ಡೈರಿಯಲ್ಲಿಯೂ ಒಂದೇ ಇದೆಯೇ? ಕೇಳಿದ್ದು ತೆರೆದ ನ್ಯಾಯಾಲಯದಲ್ಲೋ ಛೇಂಬರಿನಲ್ಲೋ? ಇಷ್ಟನ್ನು ಬರೆಯಿರಿ, ಆದೇಶ ತಾನೇ ಮಾತಾಡಿಕೊಳ್ಳಲಿ ಎಂದರು. ಅವರ ಕಚೇರಿಯಲ್ಲೇ ಕುಳಿತು ಬರೆದೆ. ಒಂದೂಕಾಲು ಪುಟವಾಯಿತು. ಕೊನೆಗೆ, ಆದೇಶದ ಸರಿತಪ್ಪಿನ ಬಗ್ಗೆ ಮೇಲ್ಮನವಿಯ ದಾರಿ ಇರುವುದರಿಂದ ಅದರ ಬಗ್ಗೆ ಇಲ್ಲಿ ಏನನ್ನೂ ಹೇಳುವುದು ಸೂಕ್ತವಲ್ಲ ಎಂಬ ವಾಕ್ಯ. ಆ ವಾಕ್ಯವನ್ನು ಅವರೇ ಹೇಳಿ ಬರೆಸಿದರು.

ಹೊರಡುವಾಗ ಕಪಾಟಿನಿಂದ ತೀರ್ಪುಗಳನ್ನು ಪ್ರಕಟಿಸುವ ಎಐಆರ್ ಮಾಲೆಯ ಒಂದು ಸಂಪುಟ ತೆಗೆದು, ಗುರುತಿಟ್ಟಿದ್ದ ಪುಟ ತೋರಿಸಿ, ಬಸ್ಸಿಗೆ ಹೊತ್ತಿದೆಯಲ್ಲ, ಇಲ್ಲೇ ಕುಳಿತು ಓದಿ ಹೋಗಿ ಎಂದರು. 1988ರ ಈಶ್ವರ್ ಚಂದ್ ಜೈನ್ ಪ್ರಕರಣ. ಹರಿಯಾಣದ ಒಬ್ಬ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರು, ನನ್ನ ಹಾಗೆಯೇ ಪ್ರೊಬೇಷನ್‌ನಲ್ಲಿದ್ದವರು. ವಕೀಲರ ದೂರುಗಳು ಬಂದಿದ್ದವು, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅವರನ್ನು ಮುಂದುವರಿಸಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಅವರನ್ನು ಸೇವೆಗೆ ಮರಳಿಸಿತು. ಅಧೀನ ನ್ಯಾಯಾಧೀಶರ ಮೇಲೆ ನಿಯಂತ್ರಣ ಇರುವ ಹೈಕೋರ್ಟಿಗೆ ಅವರನ್ನು ತಿದ್ದಿ ನಡೆಸುವ, ಕಾಪಾಡುವ ಹೊಣೆಯೂ ಇದೆ. ನ್ಯಾಯಿಕ ಆದೇಶಗಳ ಬಗ್ಗೆ ಬರುವ ಕ್ಷುಲ್ಲಕ ದೂರುಗಳಿಗೆಲ್ಲ ಕಿವಿಗೊಟ್ಟರೆ ಯಾವ ನ್ಯಾಯಾಧೀಶನಿಗೂ ರಕ್ಷಣೆ ಇದೆ ಎನ್ನಿಸುವುದಿಲ್ಲ ಎಂಬುದು ಅದರ ಸಾರ. ಕೊನೆಯ ಬಸ್ಸಿಗೆ ಹೊತ್ತಾಗುವವರೆಗೆ ಓದಿದೆ.

ದೂರು ಕೊಟ್ಟವರು ಸುಮ್ಮನಿರಲಿಲ್ಲ. ಹತ್ತು ದಿನಗಳಲ್ಲಿ ಪ್ರತಿವಾದಿ ಅದೇ ಜಿಲ್ಲಾ ನ್ಯಾಯಾಧೀಶರ ಮುಂದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನ ಅಡಿ ವರ್ಗಾವಣೆಯ ಅರ್ಜಿ ಹಾಕಿದರು. ಅದರಲ್ಲೂ ಅದೇ ಆರೋಪ, ಈ ಬಾರಿ ಸಹಿಯೊಂದಿಗೆ. ಅಂದು ಕೋಣೆಯಲ್ಲಿ ಒಂದು ಪುಟವನ್ನೂ ಓದಲು ಒಪ್ಪದ ಅದೇ ಮನುಷ್ಯ ಈಗ ಪೀಠದ ಮೇಲೆ ಕುಳಿತು, ಎರಡೂ ಕಡೆಗೆ ನೋಟಿಸ್ ಕೊಟ್ಟು, ಅರ್ಧ ದಿನ ವಾದ ಕೇಳಿದರಂತೆ. ಇಲ್ಲಿ ಅವರಿಗೆ ಅಧಿಕಾರವಿತ್ತು. ಮನಸ್ಸಿಗೆ ಬಂದಿದ್ದರೆ ಆ ಕಡತವನ್ನು ನನ್ನಿಂದ ತೆಗೆದು ಬೇರೆ ನ್ಯಾಯಾಲಯಕ್ಕೆ ಕಳಿಸಬಹುದಿತ್ತು. ಕಾನೂನು ಅಷ್ಟನ್ನು ಅವರಿಗೆ ಕೊಟ್ಟಿದೆ. ಕಡತ ನನ್ನ ಬಳಿ ಇರುವಷ್ಟು ಕಾಲ ಅದರಲ್ಲಿ ಏನು ಬರೆಯಬೇಕೆಂದು ಹೇಳುವ ಅಧಿಕಾರವನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಆದೇಶ ವಿರುದ್ಧವಾಗಿ ಬಂತು ಎಂಬುದೊಂದೇ ಪಕ್ಷಪಾತದ ಪುರಾವೆಯಾಗುವುದಿಲ್ಲ ಎಂದು ಬರೆದು ಅವರು ಅರ್ಜಿಯನ್ನು ವಜಾ ಮಾಡಿದರು.

ಇಷ್ಟು ಹೇಳಿದರೆ ಎಲ್ಲವೂ ಚೆನ್ನಾಗಿಯೇ ನಡೆಯಿತು ಎನ್ನಿಸಬಹುದು. ನಡೆಯಲಿಲ್ಲ. ನಾನು ಈ ಅನುಭವವನ್ನು ಬರೆಯಲು ಕುಳಿತದ್ದೇ ಆ ವಾರಗಳಲ್ಲಿ ನನ್ನ ನ್ಯಾಯಾಲಯದಲ್ಲಿ ನಡೆದ ಇನ್ನೊಂದು ಸಂಗತಿಗಾಗಿ.

ಷರಾ ಕೊಟ್ಟು ಬಂದ ನಂತರ ಮೇಲಿನಿಂದ ಉತ್ತರ ಬರಲಿಲ್ಲ. ಆಡಳಿತದ ಕಡತಕ್ಕೆ ಮುದ್ದತು ಇರುವುದಿಲ್ಲ. ದಿನವೂ ತಪಾಲಿನ ಕಟ್ಟಿನಲ್ಲಿ ಕಂದು ಲಕೋಟೆ ಹುಡುಕುತ್ತಿದ್ದೆ. ಒಂದು ಸಂಜೆ ಮನೆಯ ಫೋನಿಗೆ ಇಲಾಖೆಯ ಹಿರಿಯರೊಬ್ಬರ ಕರೆ ಬಂತು. ಯೋಗಕ್ಷೇಮ ಕೇಳಿ, “ಆ ಅಡಿಕೆ ತೋಟದ ದಾವೆ ನಿಮ್ಮಲ್ಲೇ ಇದೆಯಲ್ಲವೇ?” ಎಂದರು. “ಹೌದು ಸರ್” ಎಂದೆ. “ಸರಿ, ಸರಿ” ಎಂದು ಇಟ್ಟರು. ಅಷ್ಟೇ. ಆ ವಾಕ್ಯದಲ್ಲಿ ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಆದರೆ ಮರುದಿನ ಆ ಕಡತ ಕೈಗೆ ಬಂದಾಗ ಅದು ಮೊದಲಿಗಿಂತ ಭಾರವಾಗಿತ್ತು.

ಅದೇ ವಾರ ಒಬ್ಬ ಮುದುಕಿ ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಮೊಣಕೈಗೆ ನೇತುಹಾಕಿಕೊಂಡ ಛತ್ರಿ, ಸೆರಗಿನ ತುದಿಗೆ ಗಂಟು ಹಾಕಿದ ಚಿಲ್ಲರೆ. ಅವರ ಮನೆಯ ಹಿಂದಿನ ಮಣ್ಣಿನ ಗೋಡೆಯನ್ನು ಪಕ್ಕದವರು ತಮ್ಮದೆಂದು ಹೇಳಿ ಕೆಡವಲು ಹೊರಟಿದ್ದರು. ಆ ಗೋಡೆಯ ಮೇಲೆಯೇ ಅವರ ಅಡುಗೆಮನೆಯ ಮಾಡು ನಿಂತಿತ್ತು. ವಕೀಲರು ಹೊಸಬರು, ಅರ್ಜಿ ಸರಿಯಾಗಿತ್ತು, ಗ್ರಾಮ ಪಂಚಾಯಿತಿಯ ಮನೆ ಕಂದಾಯದ ರಸೀದಿಗಳಿದ್ದವು, ಗೋಡೆಯ ಪಕ್ಕ ಹಾರೆ ಒರಗಿಸಿಟ್ಟಿದ್ದ ಫೋಟೋ ಇತ್ತು. ಎರಡು ತಿಂಗಳ ಹಿಂದೆ ಆಗಿದ್ದರೆ ಅಂದೇ ತಡೆಯಾಜ್ಞೆ ಕೊಡುತ್ತಿದ್ದೆ.

ನಾನು ಫೋಟೋ ನೋಡಿದೆ. ನನ್ನ ಕಣ್ಣ ಮುಂದೆ ಬಂದದ್ದು ಹಾರೆಯಲ್ಲ, ಕೆಂಪು ಶಾಯಿಯ ಅಕ್ಷರ. ಇನ್ನೊಂದು ಏಕಪಕ್ಷೀಯ ಆದೇಶ, ಇನ್ನೊಂದು ದೂರು, ಪ್ರೊಬೇಷನ್. ಪ್ರತಿವಾದಿಯನ್ನು ಕೇಳಿ ಆದೇಶ ಮಾಡಿದರೆ ಯಾರೂ ಪ್ರಶ್ನಿಸುವುದಿಲ್ಲ ಎಂದು ಒಳಗಿನ ದನಿ ಹೇಳಿತು. ಆದೇಶ ಹಾಳೆಯಲ್ಲಿ ಬರೆದೆ: “ಪ್ರತಿವಾದಿಗೆ ತುರ್ತು ನೋಟಿಸ್.” ಒಂಬತ್ತು ದಿನಗಳ ಮುದ್ದತು ಕೊಟ್ಟೆ.

ಮುದ್ದತಿನ ದಿನ ಹೆಸರು ಕೂಗಿದಾಗ ಮುದುಕಿಯೇ ಮುಂದೆ ಬಂದರು. ವಕೀಲರು ಏನೋ ಹೇಳಲು ಎದ್ದರು, ಅವರು ಕೈಯಿಂದ ತಡೆದರು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಕಚೇರಿಯಲ್ಲಿ ಕಾಗದ ವಿಚಾರಿಸುವವರ ಧಾಟಿಯಲ್ಲಿ ಕೇಳಿದರು: “ಗೋಡೆ ಮೊನ್ನೆ ಸೋಮವಾರ ಹೋಯಿತು ತಾಯಿ. ಇನ್ನು ಮುಂದಿನ ತಾರೀಕಿಗೆ ನಾನು ಬರಬೇಕೋ, ಬೇಡವೋ?”

ನನ್ನ ಬಳಿ ಉತ್ತರವಿರಲಿಲ್ಲ. ಕೆಡವಿದ್ದನ್ನು ಕಟ್ಟಿಸಿಕೊಡುವಂತೆ ಕೇಳಲು ಕಾನೂನಿನಲ್ಲಿ ದಾರಿ ಇದೆ, ಅವರ ವಕೀಲರು ಆ ಅರ್ಜಿಯನ್ನು ಹಾಕಿದರು ಕೂಡ. ಆದರೆ ಆ ಮಳೆಗಾಲ ಅವರು ಅಡುಗೆಮನೆಯ ಮಾಡಿಲ್ಲದೆ ಕಳೆದರು. ನನ್ನ ನೋಟಿಸ್ ಆದೇಶದಲ್ಲಿ ಕಾನೂನಿನ ತಪ್ಪು ಹುಡುಕಿದರೂ ಸಿಗುವುದಿಲ್ಲ. ನೋಟಿಸ್ ಕೊಡುವುದೇ ಸಾಮಾನ್ಯ ನಿಯಮ. ಆ ಆದೇಶದ ಬಗ್ಗೆ ಯಾರೂ ದೂರು ಕೊಡಲಿಲ್ಲ, ಯಾವ ತಪಾಸಣೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ. ನನ್ನ ಸೇವೆಯಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಆದೇಶ ಅದೇ. ಅದನ್ನು ಬರೆಸಿದ್ದು ಕಾನೂನಲ್ಲ, ಕಡತವಲ್ಲ, ನನ್ನ ಹೆದರಿಕೆ. ಆಡಳಿತದ ಅಧಿಕಾರ ನ್ಯಾಯಾಧೀಶನ ಆದೇಶದೊಳಗೆ ಕೈಹಾಕಬಾರದು ಎಂದಾಗ, ಅದು ನ್ಯಾಯಾಧೀಶರ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಎಂದು ಕೆಲವರು ತಿಳಿಯುತ್ತಾರೆ. ಅಂಥವರಿಗೆ ನಾನು ಈ ಗೋಡೆಯ ಕಥೆ ಹೇಳುತ್ತೇನೆ. ಹೆದರಿದ ನ್ಯಾಯಾಧೀಶ ಮನೆಗೆ ಹೋಗಿ ಮಲಗುತ್ತಾನೆ. ನೆನೆಯುವವರು ಬೇರೆಯವರು.

ಅಡಿಕೆ ತೋಟದ ಆದೇಶದ ಮೇಲೆ ಪ್ರತಿವಾದಿ ಮೇಲ್ಮನವಿಯನ್ನೂ ಹಾಕಿದ್ದರು. ಅದು ಅವರ ಹಕ್ಕು. ತಡೆಯಾಜ್ಞೆಯ ಆದೇಶದ ಮೇಲೆ ಸಂಹಿತೆಯ 43ನೇ ಆದೇಶದ (ಸಂಹಿತೆಯಲ್ಲಿ ನಿಯಮಗಳ ಅಧ್ಯಾಯಕ್ಕೂ ‘ಆದೇಶ’ ಎಂದೇ ಹೆಸರು) ಅಡಿ ಮೇಲ್ಮನವಿ ಇದೆ. ಅದನ್ನು ಕೇಳುತ್ತಿದ್ದವರು ನಮ್ಮದೇ ಕಟ್ಟಡದ ಹಿರಿಯ ಸಿವಿಲ್ ನ್ಯಾಯಾಧೀಶರು. ಅವರ ಛೇಂಬರಿಗೂ ನನ್ನ ಛೇಂಬರಿಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು, ಅವರ ಮನೆಯಿಂದ ಬರುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನನಗೂ ಬಡಿಸುತ್ತಿದ್ದರು. ಆ ಮೇಲ್ಮನವಿ ಅವರ ಮುಂದಿದ್ದ ಅಷ್ಟೂ ದಿನ ಅದರ ಬಗ್ಗೆ ಒಂದು ಮಾತು, ಒಂದು ನೋಟ, ಒಂದು ನಿಟ್ಟುಸಿರು ಇಲ್ಲ. ಮಳೆ, ಅಡಿಕೆ ಧಾರಣೆ, ಮಕ್ಕಳ ಪರೀಕ್ಷೆ, ಇಷ್ಟೇ ಮಾತು.

ಅವರು ನನ್ನ ಆದೇಶವನ್ನು ರದ್ದು ಮಾಡಿದರು.

ನಕಲು ತರಿಸಿ ಓದಿದೆ. ನಾಲ್ಕು ಪುಟ. ಸಂಹಿತೆಯ 39ನೇ ಆದೇಶದ 3ನೇ ನಿಯಮ: ತಡೆಯಾಜ್ಞೆ ಕೊಡುವ ಮೊದಲು ಎದುರು ಪಕ್ಷಕ್ಕೆ ನೋಟಿಸ್ ಕೊಡಬೇಕು. ವಿಳಂಬದಿಂದ ತಡೆಯಾಜ್ಞೆಯ ಉದ್ದೇಶವೇ ವಿಫಲವಾಗುವಂತಿದ್ದರೆ ನೋಟಿಸ್ ಇಲ್ಲದೆ ಕೊಡಬಹುದು, ಆದರೆ ಆ ಕಾರಣವನ್ನು ಬರೆದು ದಾಖಲಿಸಲೇಬೇಕು. ನನ್ನ ನಾಲ್ಕು ವಾಕ್ಯಗಳಲ್ಲಿ ಆ ಕಾರಣ ಇರಲಿಲ್ಲ. ಕಾರಣ ಇದ್ದದ್ದು ನಿಜ; ಕೊಯ್ಲಿನ ಹೊತ್ತು, ತೋಡುತ್ತಿದ್ದ ಅಗಳ. ಅದು ನನ್ನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ನೋಟಿಸ್ ಇಲ್ಲದೆ ಕೈಕಟ್ಟಿಸಿಕೊಂಡ ಮನುಷ್ಯನಿಗೆ, ತನ್ನನ್ನು ಏಕೆ ಕೇಳಲಿಲ್ಲ ಎಂದು ಓದಿ ತಿಳಿಯುವ ಹಕ್ಕಿದೆ ಎಂದು ಅವರು ಬರೆದಿದ್ದರು. ಎರಡೂ ಕಡೆಯವರನ್ನು ಕೇಳಿ ಹೊಸದಾಗಿ ತೀರ್ಮಾನಿಸುವಂತೆ ಅರ್ಜಿಯನ್ನು ನನಗೇ ಹಿಂದಿರುಗಿಸಿದರು. ನಾನು ಕೇಳಿದೆ, ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರನ್ನು ನೇಮಿಸಿದೆ, ಕಾರಣ ಬರೆದು ಹೊಸ ಆದೇಶ ಮಾಡಿದೆ.

ನನಗೆ ಅವಮಾನವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ನಾಲ್ಕು ಪುಟಗಳ ತಿದ್ದುವಿಕೆ ನನಗೆ ಗಾಯ ಮಾಡಲಿಲ್ಲ. ಅಲ್ಲಿ ನನ್ನ ಹೆಸರಿಲ್ಲ, ನನ್ನ ನಡತೆಯ ಮಾತಿಲ್ಲ. ಆದೇಶ ಮಾತ್ರ ಇತ್ತು. ಅದರ ತಪ್ಪನ್ನು ಇಬ್ಬರೂ ವಕೀಲರ ಎದುರು, ಹಗಲು ಹೊತ್ತಿನಲ್ಲಿ, ಕಾರಣ ಕೊಟ್ಟು ಹೇಳಿದ್ದರು. ಒಪ್ಪದಿದ್ದರೆ ಅದನ್ನೂ ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಲಕೋಟೆಗೆ ಇವುಗಳಲ್ಲಿ ಒಂದೂ ಇರಲಿಲ್ಲ. ದೂರು ಕೊಟ್ಟವರು ನನ್ನ ಆದೇಶ ತಪ್ಪು ಎಂದಿದ್ದರು, ಅವರ ಮಾತು ಸರಿಯಾಗಿತ್ತು. ಅವರು ಹಿಡಿದ ಮೊದಲ ಬಾಗಿಲು ಮಾತ್ರ ತಪ್ಪು.

ಎಷ್ಟೋ ವರ್ಷಗಳ ನಂತರ ನಾನೇ ಪ್ರಧಾನ ಜಿಲ್ಲಾ ನ್ಯಾಯಾಧೀಶೆಯಾದಾಗ ಲಕೋಟೆಗಳು ನನ್ನ ಮೇಜಿನಿಂದ ಹೋಗತೊಡಗಿದವು. ದೂರುಗಳ ಬಗ್ಗೆ ಅಷ್ಟರಲ್ಲಿ ನಿಯಮ ಬಿಗಿಯಾಗಿತ್ತು. ಪ್ರಮಾಣಪತ್ರವೂ ಪರಿಶೀಲಿಸಬಹುದಾದ ಆಧಾರವೂ ಇಲ್ಲದ ದೂರನ್ನು ಪರಿಗಣಿಸಬಾರದೆಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಹೈಕೋರ್ಟುಗಳಿಗೆ ತಿಳಿಸಿದ್ದರು. ‘ನೊಂದ ಸಾರ್ವಜನಿಕರು’ ಎಂಬ ಕಾಗದಗಳು ನಿಂತಿರಲಿಲ್ಲ, ಬೆಲೆ ಕಳೆದುಕೊಂಡಿದ್ದವು ಅಷ್ಟೇ.

ಆ ಕುರ್ಚಿಯಲ್ಲಿ ಕುಳಿತ ಮೇಲೆ ಇನ್ನೊಂದು ಬದಿಯೂ ಕಂಡಿತು. ಆಡಳಿತದ ಕಣ್ಣು ಬೇಡವೇ ಬೇಡ ಎಂದು ಹೇಳುವವಳಲ್ಲ ನಾನು. ಹನ್ನೊಂದಕ್ಕೆ ಪೀಠಕ್ಕೆ ಬರಬೇಕಾದವರು ಹನ್ನೆರಡಕ್ಕೆ ಬಂದರೆ ಕೇಳುವವರು ಯಾರು? ವಾದ ಮುಗಿದ ಮೇಲೆ ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ, ತೀರಾ ಅನಿವಾರ್ಯವಾದರೆ ಅರವತ್ತರೊಳಗೆ ತೀರ್ಪು ಕೊಡಬೇಕೆಂದು ಸಂಹಿತೆ ಹೇಳುತ್ತದೆ. ತಿಂಗಳುಗಟ್ಟಲೆ ಕಾಯ್ದಿರಿಸಿದ ಕಡತಗಳನ್ನು ತಪಾಸಣೆಯಲ್ಲಿ ಕಂಡಾಗ ನಾನು ಗಟ್ಟಿಯಾಗಿಯೇ ಕೇಳಿದ್ದೇನೆ. ತೀರ್ಪು ಏಕೆ ಬರೆದಿಲ್ಲ ಎಂದು ಕೇಳಬಹುದು. ಯಾರ ಪರ ಬರೆಯುತ್ತೀರಿ ಎಂದು ಕೇಳುವ ಹಾಗಿಲ್ಲ. ಮುದ್ದೇಮಾಲು (ಜಪ್ತಾದ ವಸ್ತುಗಳ) ಕೋಣೆಯ ಲೆಕ್ಕ, ಹತ್ತು ವರ್ಷ ದಾಟಿದ ದಾವೆಗಳ ಪಟ್ಟಿ, ಸಾಕ್ಷಿಗಳನ್ನು ಬರಿಗೈಯಲ್ಲಿ ವಾಪಸು ಕಳಿಸಿದ ದಿನಗಳು, ಕಕ್ಷಿದಾರರ ಮೇಲೆ ಏರುದನಿ, ಇವೆಲ್ಲ ಆಡಳಿತದ ಪಾಲಿನವು. ಹಣ ಪಡೆದೋ ಬೇರೆ ಆಸೆಗೋ ಬರೆದ ಆದೇಶ ಶಿಸ್ತುಕ್ರಮದಿಂದ ತಪ್ಪಿಸಿಕೊಳ್ಳಲು ‘ನ್ಯಾಯಿಕ’ ಎಂಬ ಪದದ ಹಿಂದೆ ಅಡಗುವ ಹಾಗೂ ಇಲ್ಲ. 1993ರ ಧವನ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಅಲ್ಲಿ ಪರೀಕ್ಷೆ ಆದೇಶ ಬರೆದವರ ನಡತೆಯದು. ಆದೇಶ ತಪ್ಪಾಗಿದೆ, ಆದ್ದರಿಂದ ಮನುಷ್ಯ ಕೆಟ್ಟವನು ಎಂದು ಹಿಂದಿನಿಂದ ಮುಂದಕ್ಕೆ ಓದುವಂತಿಲ್ಲ.

ಹಾಗೆ ಓದಿದವರಿದ್ದಾರೆ. ಬಿಹಾರದ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರೊಬ್ಬರು ಕೊಲೆ ಪ್ರಕರಣದಲ್ಲಿ ಜಾಮೀನು ಕೊಟ್ಟರು. ಅದೇ ಆರೋಪಿಗಳಿಗೆ ಹೈಕೋರ್ಟ್ ಮೊದಲು ಜಾಮೀನು ನಿರಾಕರಿಸಿತ್ತು. ಸರ್ಕಾರಿ ಅಭಿಯೋಜಕರು ಅದನ್ನು ಅವರ ಗಮನಕ್ಕೆ ತಂದಿರಲಿಲ್ಲ. ಅವರ ಮೇಲೆ ಶಿಸ್ತುಕ್ರಮವಾಯಿತು. 2019ರಲ್ಲಿ, ಕೃಷ್ಣ ಪ್ರಸಾದ್ ವರ್ಮಾ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ತೆಗೆದುಹಾಕಿತು. ತಪ್ಪು ಮಾಡದ ನ್ಯಾಯಾಧೀಶ ಹುಟ್ಟಿಲ್ಲ, ದುರುದ್ದೇಶ ಕಾಣದೆ ತಪ್ಪು ಆದೇಶವೊಂದಕ್ಕಾಗಿಯೇ ವಿಚಾರಣೆ ಹೂಡಬಾರದು ಎಂಬುದು ಅಲ್ಲಿಯ ಮಾತಿನ ತಿರುಳು. ಅದನ್ನು ಓದಿದ ದಿನ ನನ್ನ ಜಿಲ್ಲೆಯ ಎಲ್ಲ ನ್ಯಾಯಾಧೀಶರಿಗೂ ಪ್ರತಿ ಮಾಡಿಸಿ ಕಳಿಸಿದೆ. ಜಾಮೀನು ಕೊಡಬೇಕಾದಲ್ಲಿ ಕೊಡಲು ಕೈ ನಡುಗುವ ತರುಣರನ್ನು ನಾನು ಕಂಡಿದ್ದೆ. ನಿರಾಕರಿಸಿದರೆ ಯಾರೂ ಕೇಳುವುದಿಲ್ಲ ಎಂಬ ಲೆಕ್ಕ ಅವರದು. ನಾನೂ ಒಂದು ಗೋಡೆಯ ಮುಂದೆ ಅದೇ ಲೆಕ್ಕ ಹಾಕಿದವಳು.

ನನ್ನ ಮೇಲಿನ ಕಡತ ಮುಗಿದದ್ದು ಐದು ತಿಂಗಳಿಗೆ. ಮತ್ತೊಂದು ಕಂದು ಲಕೋಟೆ, ಒಂದೇ ಸಾಲು: ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ. ಅದನ್ನು ಓದಿ ಮಡಚಿ ಮೇಜಿನ ಖಾನೆಗೆ ಹಾಕಿದೆ. ಶಿರಸ್ತೇದಾರರು ಏನನ್ನೂ ಕೇಳಲಿಲ್ಲ, ಆದರೆ ಅಂದು ಬಾಗಿಲು ತೆರೆದೇ ಇಟ್ಟು ಹೋದರು.

ಆ ವಾರವೇ ಇನ್ನೊಂದು ಅರ್ಜಿ ಬಂತು. ಗದ್ದೆಗೆ ನೀರು ಹರಿಸುವ ಕಾಲುವೆಗೆ ಮೇಲಿನ ಜಮೀನಿನವರು ಅಡ್ಡಕಟ್ಟು ಹಾಕಿದ್ದರು. ಸಸಿ ನಾಟಿ ಮಾಡಿ ನಾಲ್ಕು ದಿನವಾಗಿತ್ತು. ವಾದಿಯ ವಕೀಲರನ್ನು ಕೇಳಿದೆ. ಆಮೇಲೆ ಶೀಘ್ರಲಿಪಿಗಾರರನ್ನು ಕರೆಯದೆ ಆದೇಶ ಹಾಳೆಯನ್ನು ಎಳೆದುಕೊಂಡು ನಾನೇ ಬರೆಯಲು ಕುಳಿತೆ. ಸಸಿ ನೀರಿಲ್ಲದ ನೆಲದಲ್ಲಿ ಎಷ್ಟು ದಿನ ಉಳಿಯುತ್ತದೆ, ನೋಟಿಸ್ ತಲುಪಿ ಪ್ರತಿವಾದಿ ಬರಲು ಎಷ್ಟು ದಿನ ಬೇಕು, ಅವರನ್ನು ಕೇಳದೆ ಈ ಆದೇಶವನ್ನು ಏಕೆ ಮಾಡುತ್ತಿದ್ದೇನೆ, ಎಷ್ಟು ದಿನಗಳ ಮಟ್ಟಿಗೆ ಮಾಡುತ್ತಿದ್ದೇನೆ. ಕೋರ್ಟ್ ಹಾಲಿನಲ್ಲಿ ವಕೀಲರು ಕಾಯುತ್ತಿದ್ದರು, ಫ್ಯಾನಿನ ಸದ್ದು ಮಾತ್ರ ಇತ್ತು. ನಲವತ್ತು ನಿಮಿಷ ಹಿಡಿಯಿತು. ಒಂದೂವರೆ ಪುಟವಾಯಿತು. ತಡೆಯಾಜ್ಞೆ ಕೊಟ್ಟೆ, ಸಹಿ ಹಾಕಿದೆ.

ಅದರ ಮೇಲೂ ಮೇಲ್ಮನವಿ ಹೋಯಿತು.